ಭೀಮೆಯಲ್ಲಿ ಬಾಳೆ ಮೀನಿಗೆ ಗಾಳ

ಅಫಜಲಪುರ, ಜೇವರ್ಗಿ ಭಾಗದ ಭೀಮಾ ದಂಡೆಯ ರೈತ ಬಾಂಧವರಿಗೆ ಬಾಳೆ ಮೀನು ಹೊಸದಲ್ಲ. ಅಗಲ ಬಾಯಿಯ ಈ ಮೀನು ಸಣ್ಣ ಮೀನುಗಳನ್ನು ಹಿಡಿದು ತಿನ್ನುತ್ತದೆ. ಆದ್ದರಿಂದ ಗಾಳಕ್ಕೆ ಸಿಕ್ಕಿಸಿದ ರಬ್ಬರಿನ ಕೃತಕ ಮೀನಿಗೂ ಬಾಯಿ ಹಾಕುತ್ತದೆ.

ಸೊನ್ನ ಬ್ಯಾರೇಜಿನ ಹಿನ್ನೀರಿನಂಥ ನಿಂತ ನೀರಿನಲ್ಲಿ, ಸಂಜೆ ಹೊತ್ತು, ದೋಣಿಯ ಹಿಂದೆ ಉದ್ದನೆಯ ನೈಲಾನ್ ದಾರ ಬಿಟ್ಟು ನಿಧಾನವಾಗಿ ಹುಟ್ಟು ಹಾಕಬೇಕು. ಕೃತಕ ಮೀನು ತಳದ ಹತ್ತಿರವೇ ಬಾಲ ಆಡಿಸುತ್ತ ಬರಬೇಕು. ದೋಣಿ ಓಡಿಸಿದರೆ ಅದು ಮೇಲಕ್ಕೇಳುತ್ತದೆ; ಆಗ ಪಟ್ಟ ಶ್ರಮವೆಲ್ಲ ವ್ಯರ್ಥ. ಹಲ್ಲು ಚೂಪಾದ್ದರಿಂದ ಗಾಳದ ಬುಡಕ್ಕೆ ಒಂದು ಗೇಣು ತಂತಿ ಕಟ್ಟಿರಿ. ಬ್ಯಾರೇಜಿನ ಗೇಟುಗಳ ಸಮೀಪ ಹೋಗಲೇಬಾರದು.

ಮುಂಗಾರಿನಲ್ಲಿ ಹೊಟ್ಟೆ ಉಬ್ಬಿದ ಹೆಣ್ಣು ಸಿಕ್ಕರೆ, ಒದ್ದೆ ಕೈಯಿಂದ ಬಿಡಿಸಿ ನದಿಗೆ ಬಿಡಿರಿ. ನದಿಗಳಲ್ಲಿ ಈ ಜಾತಿ ಕಡಿಮೆಯಾಗುತ್ತಿದೆ. ಕಾಟ್ಲಾ, ರೋಹು ಮರಿ ಬಿಟ್ಟ ಕೆರೆಯ ಮಾತು ಬೇರೆ. ಅಲ್ಲಿ ಇದು ನಿಮ್ಮ ಮರಿಗಳನ್ನೇ ನುಂಗುವುದರಿಂದ, ಸಿಕ್ಕಿದ್ದನ್ನು ಮರಳಿ ಬಿಡಬೇಡಿರಿ.