ಓಡದೆಯೂ ಓಡುವ ‘ರನ್’

ಇಂಗ್ಲಿಷ್ ಬಾರದ ಅಜ್ಜಿಗೂ ಗೊತ್ತಿರುವ ಇಂಗ್ಲಿಷ್ ಪದಗಳು ಯಾವುವು? ಬಸ್ಸು, ಲೈಟು, ಟಿಕೇಟು... ಈ ಸಾಲಿನಲ್ಲಿ ‘ರನ್ನು’ ಕೂಡ ಖಂಡಿತ ಇದೆ. ಕ್ರಿಕೆಟ್ ಪಂದ್ಯದ ದಿನ ಅಡುಗೆಮನೆಯಿಂದಲೇ “ಎಷ್ಟಾಯ್ತೋ ರನ್ನು?” ಎಂದು ಕೂಗಿ ಕೇಳುವ ಅಜ್ಜಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ರನ್ ಎಂದರೆ ಓಟ. ಶಾಲೆಯಲ್ಲಿ ಕಲಿಸುವುದೂ ಅದನ್ನೇ. ಆದರೆ ಒಂದು ತಮಾಷೆ ಗಮನಿಸಿದ್ದೀರಾ? ಬ್ಯಾಟರ್ ಚೆಂಡನ್ನು ಗಡಿಯಾಚೆ ಎತ್ತಿ ಹೊಡೆದಾಗ ಅವನು ಓಡುವುದೇ ಇಲ್ಲ. ಬ್ಯಾಟು ಊರಿಕೊಂಡು ಚೆಂಡು ಹೋದ ದಿಕ್ಕನ್ನೇ ನೋಡುತ್ತ ನಿಂತಿರುತ್ತಾನೆ. ಆದರೂ ಆರು ರನ್! ಬೌಲರ್ ವೈಡ್ ಎಸೆದರೆ ಯಾರೂ ಓಡದೆಯೇ ಒಂದು ರನ್! ನಮಗೆ ಅತ್ಯಂತ ಪರಿಚಿತವಾದ ಅರ್ಥದಲ್ಲಿಯೇ ಈ ಪದ ಓಟವನ್ನು ಬಿಟ್ಟು ಎಷ್ಟೋ ದೂರ ಬಂದುಬಿಟ್ಟಿದೆ.

ಇಂಗ್ಲೆಂಡಿನಲ್ಲಿ ಕ್ರಿಕೆಟ್ ಶುರುವಾದ ಕಾಲದಲ್ಲಿ ಲೆಕ್ಕ ಇಡುವವರು ಕೈಯಲ್ಲಿ ಕೋಲು ಹಿಡಿದು ಕೂರುತ್ತಿದ್ದರು. ಆಟಗಾರ ಒಂದು ಸಲ ಆ ಕಡೆಯಿಂದ ಈ ಕಡೆಗೆ ಓಡಿದರೆ ಕೋಲಿಗೆ ಚಾಕುವಿನಿಂದ ಒಂದು ಕಚ್ಚು. ಅದನ್ನು ಅವರು ‘ನಾಚ್’ ಎನ್ನುತ್ತಿದ್ದರು. ನಮ್ಮಲ್ಲಿ ಹಾಲಿನವನ ಲೆಕ್ಕಕ್ಕೆ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದರಲ್ಲ, ಹಾಗೆಯೇ. ಕಾಲಕ್ರಮದಲ್ಲಿ ಕೋಲು ಹೋಯಿತು, ಪುಸ್ತಕ ಬಂತು. ಓಟಕ್ಕಿದ್ದ ಹೆಸರು ಅಂಕಕ್ಕೆ ಅಂಟಿಕೊಂಡಿತು.

ಮನೆಯೊಳಗೆ ಎಷ್ಟು ರನ್?

ಕ್ರಿಕೆಟ್ ಮೈದಾನದಿಂದ ಮನೆಗೆ ಬನ್ನಿ. ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಇಂಗ್ಲಿಷಿನಲ್ಲಿ ನಲ್ಲಿ ‘ರನ್’ ಆಗುತ್ತದೆ. ಹೊಸ ಕೆಂಪು ಸೀರೆಯನ್ನು ಬಿಳಿ ಪಂಚೆಯ ಜೊತೆ ನೆನೆಸಿದರೆ ಬಣ್ಣ ‘ರನ್’ ಆಗುತ್ತದೆ. ನಾವು ಬಣ್ಣ ಬಿಡುತ್ತದೆ ಎನ್ನುತ್ತೇವೆ. ಮಗುವಿಗೆ ಜ್ವರ ಬಂದರೆ ಅದು ಜ್ವರವನ್ನು ‘ರನ್’ ಮಾಡುತ್ತದೆ. ಅಪ್ಪ ಅಂಗಡಿಯನ್ನು ‘ರನ್’ ಮಾಡುತ್ತಾರೆ, ಅಂದರೆ ನಡೆಸುತ್ತಾರೆ. ಇಂಗ್ಲಿಷರ ಅಂಗಡಿ ಓಡುತ್ತದೆ, ನಮ್ಮದು ನಡೆಯುತ್ತದೆ!

ಅಜ್ಜನಿಗೂ ಅಪ್ಪನಿಗೂ ಮೊಮ್ಮಗನಿಗೂ ಒಂದೇ ಬಗೆಯ ಚೂಪು ಮೂಗಿದ್ದರೆ ಅದು ಮನೆತನದಲ್ಲಿ ‘ರನ್’ ಆಗುತ್ತದೆ. ಮೂರು ದಿನ ಬಿಡದೆ ಮಳೆ ಸುರಿದರೆ ‘ತ್ರೀ ಡೇಸ್ ರನ್ನಿಂಗ್’. ಇಲ್ಲಿ ರನ್ನಿಂಗ್ ಎಂದರೆ ಸತತವಾಗಿ ಎಂದರ್ಥ. ಮೈಸೂರಿನಿಂದ ಮಡಿಕೇರಿಗೆ ರಸ್ತೆ ‘ರನ್’ ಆಗುತ್ತದೆ. ರಸ್ತೆ ಎಲ್ಲಾದರೂ ಓಡುವುದುಂಟೇ ಎಂದು ನಗಬೇಡಿ. “ಈ ರಸ್ತೆ ಎಲ್ಲಿಗೆ ಹೋಗುತ್ತೆ?” ಎಂದು ನಾವೂ ಕೇಳುತ್ತೇವೆ. ಹೋಗುವವರು ನಾವು, ರಸ್ತೆ ಇದ್ದಲ್ಲೇ ಇರುತ್ತದೆ.

ಓಡಿದ ಮೂಗು

ನಾನು ಹಳ್ಳಿಯ ಶಾಲೆಗಳಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಒಮ್ಮೆ ಏಳನೇ ತರಗತಿಯಲ್ಲಿ ಒಂದು ಕಥೆಯ ವಾಕ್ಯಗಳನ್ನು ಮಕ್ಕಳು ಒಬ್ಬೊಬ್ಬರಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದರು. ‘ಹಿಸ್ ನೋಸ್ ವಾಸ್ ರನ್ನಿಂಗ್’ ಎಂಬ ವಾಕ್ಯ ಒಬ್ಬ ಹುಡುಗಿಯ ಪಾಲಿಗೆ ಬಂತು. ಅವಳು ಎದ್ದುನಿಂತು “ಅವನ ಮೂಗು ಓಡುತ್ತಿತ್ತು” ಎಂದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗಿ ಕೂತುಬಿಟ್ಟಳು. ಆಮೇಲೆ ಒಂದು ವಾರ ಇಂಗ್ಲಿಷ್ ಅವಧಿಯಲ್ಲಿ ಅವಳು ಬಾಯಿ ತೆರೆಯಲಿಲ್ಲ.

ಅವಳು ದಡ್ಡಿಯಲ್ಲ. ರನ್ ಎಂದರೆ ಓಡು ಎಂದು ಕಲಿತಿದ್ದಳು, ಕಲಿತದ್ದನ್ನೇ ನಂಬಿಕೆಯಿಂದ ಬಳಸಿದಳು. ಒಂದು ಪದಕ್ಕೆ ಒಂದೇ ಅರ್ಥ ಎಂಬ ಪಟ್ಟಿ ಬಾಯಿಪಾಠ ಮಾಡಿದ ಯಾವ ಮಗುವಿಗೂ ಆಗುವುದು ಇದೇ. ಮುಂದಿನ ವಾರ ನಾನು ನಕ್ಕವರಿಗೆಲ್ಲ ಒಂದು ಕೆಲಸ ಕೊಟ್ಟೆ. “ಅಮ್ಮ ರಂಗೋಲಿ ಹಾಕಿದಳು, ಅಪ್ಪ ಚಪ್ಪಲಿ ಹಾಕಿದರು, ಅಜ್ಜ ಓಟು ಹಾಕಿದರು, ಅಜ್ಜಿ ಬೀಗ ಹಾಕಿದರು. ಇವನ್ನು ಇಂಗ್ಲಿಷಿಗೆ ತಿರುಗಿಸಿ. ಹಾಕು ಎಂಬುದಕ್ಕೆ ಒಂದೇ ಪದ ಬಳಸಬೇಕು.” ಕಪ್ಪುಹಲಗೆಯ ಮೇಲೆ ಬಂದ ವಾಕ್ಯಗಳನ್ನು ನೋಡಿ ಎಲ್ಲರಿಗಿಂತ ಹೆಚ್ಚು ನಕ್ಕವಳು ಆ ಹುಡುಗಿಯೇ.

ಸರಿಯಾಗಿ ಹೇಳಬೇಕಾದರೆ ರಂಗೋಲಿಗೆ ‘ಡ್ರಾ’, ಚಪ್ಪಲಿಗೆ ‘ವೇರ್’ ಅಥವಾ ‘ಪುಟ್ ಆನ್’, ಓಟಿಗೆ ‘ಕಾಸ್ಟ್’, ಬೀಗಕ್ಕೆ ‘ಲಾಕ್’ ಬೇಕು. ದೀಪ ಹಾಕಲು ‘ಸ್ವಿಚ್ ಆನ್’, ಊಟ ಹಾಕಲು ‘ಸರ್ವ್’, ಸಹಿ ಹಾಕಲು ‘ಸೈನ್’, ಲೆಕ್ಕ ಹಾಕಲು ‘ಕ್ಯಾಲ್ಕ್ಯುಲೇಟ್’. ನಮ್ಮ ಒಂದು ‘ಹಾಕು’ವಿಗೆ ಅವರ ಎಂಟು ಪದ! ಕನ್ನಡ ಕಲಿಯುವ ಇಂಗ್ಲಿಷರ ಮಗು ‘ಹಾಕು’ ಕಂಡರೆ ಎಷ್ಟು ತಲೆ ಕೆರೆದುಕೊಳ್ಳಬೇಡ?

ಜೊತೆಗಾರ ಬದಲಾದರೆ

ರನ್ ಪದದ ಪಕ್ಕದಲ್ಲಿ ಒಂದು ಪುಟ್ಟ ಪದ ಬಂದು ನಿಂತರೆ ಅರ್ಥ ಪೂರಾ ಬದಲಾಗುತ್ತದೆ. ‘ರನ್ ಅವೇ’ ಎಂದರೆ ಓಡಿಹೋಗು. ‘ರನ್ ಇಂಟು’ ಎಂದರೆ ಅಕಸ್ಮಾತ್ ಎದುರಾಗು. ಸಂತೆಯಲ್ಲಿ ಹಳೆಯ ಗೆಳೆಯ ಸಿಕ್ಕಹಾಗೆ. ‘ರನ್ ಓವರ್’ ಎಂದರೆ ಗಾಡಿ ಮೈಮೇಲೆ ಹರಿಯುವುದು. ‘ರನ್ ಥ್ರೂ’ ಎಂದರೆ ಒಮ್ಮೆ ಬೇಗ ಕಣ್ಣಾಡಿಸುವುದು.

‘ರನ್ ಔಟ್’ ಕ್ರಿಕೆಟ್ಟಿನಿಂದ ನಮಗೆಲ್ಲ ಗೊತ್ತು. ಆದರೆ ಮನೆಯಲ್ಲಿ ಉಪ್ಪು ‘ರನ್ ಔಟ್’ ಆದರೆ ಅಂಪೈರ್ ಬೆರಳೆತ್ತುವುದಿಲ್ಲ, ಉಪ್ಪು ಮುಗಿದಿದೆ ಎಂದಷ್ಟೇ ಅರ್ಥ. ಪರೀಕ್ಷೆಯಲ್ಲಿ ಸಮಯ ‘ರನ್ ಔಟ್’ ಆಗುತ್ತದೆ. ತುಂಟ ಮೊಮ್ಮಕ್ಕಳ ಮುಂದೆ ಅಜ್ಜನ ತಾಳ್ಮೆಯೂ ‘ರನ್ ಔಟ್’ ಆಗುತ್ತದೆ.

ಚುನಾವಣೆಯ ಮಾತು ಇನ್ನೂ ಸ್ವಾರಸ್ಯ. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ, ಅಂದರೆ ಓಡುತ್ತಾನೆ. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾನೆ, ಅಂದರೆ ನಿಲ್ಲುತ್ತಾನೆ. ನಮ್ಮೂರಿನಲ್ಲಿ? “ಈ ಸಲ ಪಂಚಾಯ್ತಿಗೆ ಯಾರು ನಿಂತಿದ್ದಾರೆ?” ಎನ್ನುತ್ತೇವೆ. ನಾವೂ ನಿಲ್ಲುವವರೇ.

ದೂರದಿಂದ ಬಂದ ನುಡಿಗಟ್ಟುಗಳು

ಕೆಲವು ನುಡಿಗಟ್ಟುಗಳ ಹಿಂದೆ ಕಥೆಗಳೇ ಇವೆ. ಉತ್ಸವದಲ್ಲಿ ಆನೆ ಬೆದರಿ ಸಿಕ್ಕಸಿಕ್ಕಲ್ಲಿ ನುಗ್ಗಿದರೆ ಇಂಗ್ಲಿಷ್ ಪತ್ರಿಕೆಗಳು ‘ರನ್ ಅಮಕ್’ ಎಂದು ಬರೆಯುತ್ತವೆ. ಈ ‘ಅಮಕ್’ ಇಂಗ್ಲಿಷಿನದಲ್ಲ. ಮಲಯ ಭಾಷೆಯ ‘ಅಮುಕ್’, ಅಂದರೆ ಹುಚ್ಚು ಆವೇಶದಿಂದ ಮೇಲೆ ಬೀಳುವುದು. ವ್ಯಾಪಾರಕ್ಕೆಂದು ಆಗ್ನೇಯ ಏಷ್ಯಾಕ್ಕೆ ಹೋದ ಯುರೋಪಿನವರು ಅಲ್ಲಿಂದ ಕೊಂಡೊಯ್ದ ಪದ ಅದು.

‘ರನ್ ದ ಗಾಂಟ್ಲೆಟ್’ ಎಂಬ ಇನ್ನೊಂದು ಇದೆ. ನಾಲ್ಕೂ ಕಡೆಯಿಂದ ಬೈಗುಳ, ಟೀಕೆ ಎದುರಿಸುತ್ತ ಸಾಗುವುದು ಎಂದರ್ಥ. ಗಾಂಟ್ಲೆಟ್ ಎಂದರೆ ಹಿಂದಿನ ಯೋಧರು ತೊಡುತ್ತಿದ್ದ ಲೋಹದ ಕೈಗವಸು. ಆದರೆ ಈ ನುಡಿಗಟ್ಟಿಗೂ ಕೈಗವಸಿಗೂ ಸಂಬಂಧವಿಲ್ಲ. ಸ್ವೀಡಿಷ್ ಭಾಷೆಯಲ್ಲಿ ‘ಗಾಟಲೋಪ್’ ಎಂದರೆ ಓಣಿಯ ಓಟ. ತಪ್ಪು ಮಾಡಿದ ಸೈನಿಕ ಎರಡು ಸಾಲಾಗಿ ನಿಂತ ಸಂಗಡಿಗರ ನಡುವೆ ಓಡಬೇಕು; ಇಬ್ಬದಿಯಿಂದಲೂ ಏಟು ಬೀಳುತ್ತಿತ್ತು. 17ನೇ ಶತಮಾನದಲ್ಲಿ ಈ ಪದವನ್ನು ಪಡೆದ ಇಂಗ್ಲಿಷರ ನಾಲಿಗೆ ಹೊರಳದೆ, ತಮಗೆ ಗೊತ್ತಿದ್ದ ಗಾಂಟ್ಲೆಟ್ಟನ್ನೇ ಅಲ್ಲಿ ಕೂರಿಸಿತು.

‘ರನ್ ಆಫ್ ದ ಮಿಲ್’ ಎಂದರೆ ವಿಶೇಷವೇನಿಲ್ಲದ, ಸಾಧಾರಣವಾದದ್ದು. ಗಿರಣಿಯಿಂದ ಬಂದ ಸರಕನ್ನು ಒಳ್ಳೆಯದು, ಕೆಟ್ಟದ್ದು ಎಂದು ಆರಿಸದೆ ಹಾಗೇ ಕೊಟ್ಟರೆ ಏನೋ ಅದು. ‘ಇನ್ ದ ಲಾಂಗ್ ರನ್’ ಎಂದರೆ ಬಹುಕಾಲದ ಮೇಲೆ ನೋಡಿದಾಗ. ಅಜ್ಜ ಅಜ್ಜಿಯರ ಬುದ್ಧಿಮಾತುಗಳೆಲ್ಲ ‘ಇನ್ ದ ಲಾಂಗ್ ರನ್’ ಫಲ ಕೊಡುವಂಥವು!

645 ಅರ್ಥಗಳು

ಒಟ್ಟು ಎಷ್ಟು ಅರ್ಥಗಳಿರಬಹುದು? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸುತ್ತಿದ್ದ ಪೀಟರ್ ಗಿಲಿವರ್ ಎಂಬ ಸಂಪಾದಕರು ರನ್ ಎಂಬ ಒಂದೇ ಪದದ ಮೇಲೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಕೂತರು. ಕ್ರಿಯಾಪದವೊಂದಕ್ಕೇ 645 ಅರ್ಥಗಳು ಸಿಕ್ಕವು. 2011ರಲ್ಲಿ ಇದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದಕ್ಕೂ ಮೊದಲು, 1989ರಲ್ಲಿ 20 ಸಂಪುಟಗಳಾಗಿ ಬಂದ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಎಂಬ ಪದದ್ದೇ ಮೇಲುಗೈ. ಸೆಟ್ ದೋಸೆಯ ಸೆಟ್, ಟಿ.ವಿ. ಸೆಟ್, ಸಿನಿಮಾ ಸೆಟ್, ಟೆನಿಸ್ ಸೆಟ್ ಎಂದು ನಾವೂ ಬಗೆಬಗೆಯಾಗಿ ಬಳಸುವ ಪದವೇ ಅದು.

ರನ್ ಹೀಗೆ ಬೆಳೆದದ್ದಕ್ಕೆ ಒಂದು ಕಾರಣ ಯಂತ್ರಗಳು. ಮೊದಲು ಮನುಷ್ಯರು, ಕುದುರೆಗಳು, ಹೊಳೆಗಳು ಮಾತ್ರ ಓಡುತ್ತಿದ್ದವು. ಆಮೇಲೆ ಗಿರಣಿ ಓಡಿತು, ರೈಲು ಓಡಿತು, ಮೋಟಾರು ಓಡಿತು, ಈಗ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡುತ್ತದೆ. ಹೊಸ ವಸ್ತು ಬಂದಾಗಲೆಲ್ಲ ಜನ ಹೊಸ ಪದ ಹುಡುಕುತ್ತ ಕೂರುವುದಿಲ್ಲ. ಕೈಗೆ ಸಿಗುವ ಹಳೆಯ ಪಾತ್ರೆಯಲ್ಲೇ ಹೊಸ ಹಾಲು ಕಾಯಿಸುತ್ತಾರೆ. ದೊಡ್ಡ ದೊಡ್ಡ ಪದಗಳಿಗೆ ಅರ್ಥ ಒಂದೋ ಎರಡೋ. ದಿನವೂ ದುಡಿಯುವ ಪುಟ್ಟ ಪದಗಳಿಗೇ ಅರ್ಥ ನೂರಾರು.

ಈ ಅರ್ಥಗಳನ್ನು ಕಂಡುಹಿಡಿಯುವ ಬಗೆಯೂ ಕೇಳುವಂಥದ್ದು. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಭಾಗ ಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಅದರ ಸಂಪಾದಕ ಜೇಮ್ಸ್ ಮರ್ರೆ, ಪುಸ್ತಕ ಓದುವಾಗ ಕಂಡ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿ ಎಂದು ಓದುಗರನ್ನು ಕೇಳಿಕೊಂಡರು. ದೇಶದೇಶಗಳಿಂದ ಲಕ್ಷಗಟ್ಟಲೆ ಚೀಟಿಗಳು ಬಂದವು. ಮರ್ರೆಯವರಿಗೆ 11 ಮಕ್ಕಳು. ಪುಡಿಗಾಸಿನ ಆಸೆಗೆ ಆ ಮಕ್ಕಳೂ ಕೂತು ಚೀಟಿಗಳನ್ನು ಅಕ್ಷರಾನುಕ್ರಮವಾಗಿ ಜೋಡಿಸುತ್ತಿದ್ದರು. ಒಂದು ಪದದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ವಾಕ್ಯ ವಾಕ್ಯವನ್ನೂ ಓದಿ, ಇಲ್ಲಿ ಈ ಪದ ಏನು ಕೆಲಸ ಮಾಡುತ್ತಿದೆ ಎಂದು ನೋಡಿದ ಮೇಲೆಯೇ ಅರ್ಥ ಬರೆಯುತ್ತಿದ್ದರು. ವಾಕ್ಯ ಮೊದಲು, ಅರ್ಥ ಆಮೇಲೆ.

ನಮ್ಮಲ್ಲೂ ಅಷ್ಟೇ. ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ತೆರೆದು ನೋಡಿ. ಶಾಸನ, ಕಾವ್ಯಗಳಿಂದ ಆರಿಸಿದ ಪ್ರಯೋಗಗಳು ಅರ್ಥದ ಪಕ್ಕದಲ್ಲೇ ಇರುತ್ತವೆ.

ನಮ್ಮ ‘ಓಡು’ ಏನು ಕಡಿಮೆ?

1972ರ ‘ಬಂಗಾರದ ಮನುಷ್ಯ’ ಚಿತ್ರ ವರ್ಷ ದಾಟಿ ಓಡಿತು ಎಂದು ಅಜ್ಜ ಹೇಳುತ್ತಾರೆ. ನಿಂತ ಗಡಿಯಾರಕ್ಕೆ ಕೀ ಕೊಟ್ಟರೆ ಓಡುತ್ತದೆ. ಲೆಕ್ಕ ಬಿಡಿಸುವಾಗ ತಲೆ ಓಡುವುದಿಲ್ಲ. ಅಮ್ಮ ಪುಸ್ತಕದ ಮೇಲೆ ಕಣ್ಣೋಡಿಸುತ್ತಾಳೆ. ಅತ್ತೆಗೆ ಮದುವೆಯ ಓಡಾಟ. ಇಷ್ಟರ ಮೇಲೆ ಒಡೆದ ಮಡಕೆಯ ಚೂರಿಗೂ ‘ಓಡು’ ಎಂದೇ ಹೆಸರು. ಆ ಪದ ಬೇರೆ, ಉಚ್ಚಾರ ಮಾತ್ರ ಒಂದೇ. ಇಷ್ಟನ್ನೂ ನಿಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಮನೆಯವರ ಮಾತು ಕೇಳುತ್ತ ಕೇಳುತ್ತ ತಾನಾಗಿ ಬಂತು.

ಆದ್ದರಿಂದ ಮಕ್ಕಳೇ, ರನ್ ಪದಕ್ಕೆ 645 ಅರ್ಥವಿದೆ ಎಂದು ಕೇಳಿ ಹೆದರಬೇಡಿ. ಅವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಗೊತ್ತಿರುವ ಅರ್ಥ ವಾಕ್ಯಕ್ಕೆ ಹೊಂದುತ್ತಿಲ್ಲ ಎಂದು ಕಂಡರೆ ಅಲ್ಲೇ ನಿಲ್ಲಿ. ಇಡೀ ವಾಕ್ಯವನ್ನು ಮತ್ತೊಮ್ಮೆ ಓದಿ. ಯಾರು ರನ್ ಆಗುತ್ತಿದ್ದಾರೆ? ಮನುಷ್ಯನೋ, ಮೂಗೋ, ಅಂಗಡಿಯೋ? ಪಕ್ಕದಲ್ಲಿ ಔಟ್ ಇದೆಯೋ, ಇಂಟು ಇದೆಯೋ? ಮೊದಲು ಊಹಿಸಿ, ಆಮೇಲೆ ನಿಘಂಟು ನೋಡಿ. ಪಕ್ಕದವನ ಊಹೆ ತಪ್ಪಾದರೆ ನಗಬೇಡಿ. ಅವನು ಬಾಯಿ ಮುಚ್ಚಿಕೊಂಡರೆ ಭಾಷೆ ಬರುವುದು ಎಲ್ಲಿಂದ?

ಅಜ್ಜ ಅಜ್ಜಿಯರಿಗೂ ಒಂದು ಮಾತು. “ನಮಗೆ ಇಂಗ್ಲಿಷ್ ಬರುವುದಿಲ್ಲಪ್ಪ, ಮೊಮ್ಮಕ್ಕಳಿಗೆ ಏನು ಹೇಳಿಕೊಡೋಣ” ಎಂದು ಹಿಂದೆ ಸರಿಯಬೇಡಿ. ಪದಗಳು ಹೇಗೆ ವೇಷ ಬದಲಿಸುತ್ತವೆ ಎಂಬುದು ನಿಮಗಿಂತ ಚೆನ್ನಾಗಿ ಗೊತ್ತಿರುವವರಿಲ್ಲ. ಈ ಭಾನುವಾರ ಮನೆಯಲ್ಲಿ ಒಂದು ಆಟ ಆಡಿ. ನೀವು ‘ಹೊಡೆ’ ಪದ ಬಳಸಿ ಹತ್ತು ವಾಕ್ಯ ಹೇಳಿ: ಗಂಟೆ ಹೊಡೆ, ಸುಣ್ಣ ಹೊಡೆ, ಹರಟೆ ಹೊಡೆ, ನಿದ್ದೆ ಹೊಡೆ, ಊರೆಲ್ಲ ಸುತ್ತು ಹೊಡೆ... ಒಂದೊಂದಕ್ಕೂ ಹೊಂದುವ ಇಂಗ್ಲಿಷ್ ಪದವನ್ನು ಮೊಮ್ಮಕ್ಕಳು ಹುಡುಕಲಿ. ಹತ್ತು ಮುಗಿದ ಮೇಲೆ ಸರದಿ ಬದಲಿಸಿ: ಮಕ್ಕಳು ರನ್ ಇರುವ ವಾಕ್ಯವನ್ನು ಓದಿ ಸಂದರ್ಭ ವಿವರಿಸಲಿ, ಅದಕ್ಕೆ ಒಪ್ಪುವ ಕನ್ನಡ ಮಾತನ್ನು ನೀವು ಹೇಳಿ.

ರನ್ನಿನ ಲೆಕ್ಕ ಯಾರು ಬೇಕಾದರೂ ಇಡಬಹುದು. ಕೋಲಿಗೆ ಕಚ್ಚು ಹಾಕಿದರೂ ಆದೀತು.