ಗುಂಟೆಯ ಲೆಕ್ಕ, ಗೋಳದ ಲೆಕ್ಕ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ನರಗುಂದ ದಾಟಿದ ಮೇಲೆ ಕುಳಗೇರಿ ಕ್ರಾಸ್ ಬರುತ್ತದೆ. ಇಲ್ಲಿಂದ ಬಾದಾಮಿ ಕಡೆ ಹೊರಳಿ, ಯಾವುದಾದರೂ ಹೊಲದಲ್ಲಿ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರ್ ಫೋನಿನಲ್ಲಿ ಮೂಡುತ್ತದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್ ಈಗ ಹೊಲ ಕೊಳ್ಳುವವರಿಗೂ ಮಾರುವವರಿಗೂ ಪರಿಚಿತ. ಪರಿಚಯವಿಲ್ಲದ್ದು ಇಂಥ ನಕ್ಷೆಗಳ ಒಳಗಿನ ಲೆಕ್ಕ ಮತ್ತು ಅದನ್ನು ಮಾಡುವ ಲೈಬ್ರರಿಗಳು. ಲೈಬ್ರರಿ ಎಂದರೆ ಬೇರೆ ಬೇರೆ ತಂತ್ರಾಂಶಗಳು ಎರವಲು ಪಡೆದು ಬಳಸುವ ಸಿದ್ಧ ಕೋಡಿನ ಗಂಟು.

ಮುಂಬೈ ಪ್ರಾಂತ್ಯದ ಕಾಲದ ಮೋಜಣಿದಾರರು ಇಲ್ಲಿ ಹೊಲ ಅಳೆದದ್ದು 33 ಅಡಿಯ ಸರಪಳಿಯಿಂದ. ಒಂದು ಸರಪಳಿಗೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಎಕರೆ. ಆ ಲೆಕ್ಕಕ್ಕೆ ನೆಲ ಚಪ್ಪಟೆ. ಉಪಗ್ರಹಕ್ಕೆ ಹಾಗಲ್ಲ, ಅದು ಅಕ್ಷಾಂಶ, ರೇಖಾಂಶಗಳ ಡಿಗ್ರಿಯಲ್ಲಿ ಮಾತಾಡುತ್ತದೆ. 16 ಡಿಗ್ರಿ ಉತ್ತರದ ಈ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 107 ಕಿಲೋಮೀಟರ್, ಅಕ್ಷಾಂಶ 110ಕ್ಕೂ ಹೆಚ್ಚು. ಡಿಗ್ರಿಗಳನ್ನೇ ನೇರ ಗುಣಿಸಿ ಎಕರೆ ತೆಗೆಯಹೋದವನ ಲೆಕ್ಕ ಅಲ್ಲೇ ಕೆಟ್ಟಿತು.

ಗೋಳದ ಮೇಲಿನ ಬಿಂದುವನ್ನು ಚಪ್ಪಟೆ ನಕ್ಷೆಗೆ ಇಳಿಸುವ ಹಳೆಯ ಲೈಬ್ರರಿಗಳಲ್ಲೊಂದು ‘ಪ್ರೋಜ್’. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಜೆರಾಲ್ಡ್ ಎವೆಂಡನ್ 1980ರ ದಶಕದಲ್ಲಿ ಕಟ್ಟಿದ್ದು. ಕ್ಯೂಜಿಐಎಸ್, ಪೋಸ್ಟ್‌ಜಿಐಎಸ್‌ಗಳಂಥ ಉಚಿತ ತಂತ್ರಾಂಶಗಳು ಇಂದಿಗೂ ಅದರ ಮೇಲೇ ನಿಂತಿವೆ.

ಸೂತ್ರಗಳು ಹಳೆಯವು, ಪುಸ್ತಕದಲ್ಲಿ ಸಿಗುತ್ತವೆ. ನನ್ನ ಮಟ್ಟಿಗೆ ಲೈಬ್ರರಿ ಬರೆಯುವವರ ನಿಜವಾದ ಕಸುಬು ಲೆಕ್ಕದ್ದಲ್ಲ, ದಾಖಲೆಯದು: ಈ ಅಂಕಿ ಯಾವ ಪದ್ಧತಿಯದು ಎಂಬುದನ್ನು ಎಲ್ಲೂ ತಪ್ಪದಂತೆ ಹೊತ್ತು ಸಾಗುವುದು. ಭೂಮಿಯ ಆಕಾರಕ್ಕೆ ಭಾರತದ ಹಳೆಯ ಭೂಪಟಗಳು 1830ರ ಎವರೆಸ್ಟ್ ಗೋಳವನ್ನು ನಂಬಿದರೆ, ಜಿಪಿಎಸ್ ನಂಬುವುದು ಡಬ್ಲ್ಯುಜಿಎಸ್ 84 ಅನ್ನು. ಒಂದರ ಅಂಕಿಯನ್ನು ಇನ್ನೊಂದರದೆಂದು ಓದಿದರೆ ನಮ್ಮ ಕಡೆ ಜಾಗ ನೂರು ಮೀಟರಿನಷ್ಟು ಸರಿಯಬಹುದು. ಹೊಲವೇ ಪಕ್ಕದವನ ಪಾಲಾಯಿತು!

ಇನ್ನೊಂದು ಕಾಟ ಅಂಕಿಗಳ ಸರದಿಯದು. ಕೆಲವು ಕಡೆ ಅಕ್ಷಾಂಶ ಮೊದಲು, ಕೆಲವು ಕಡೆ ರೇಖಾಂಶ. ಕುಳಗೇರಿಯ 16, 75 ಅದಲುಬದಲಾದರೆ ಬಿಂದು ಹೋಗಿ ಬೀಳುವುದು ನಾರ್ವೆಯ ಉತ್ತರದ ತಣ್ಣನೆ ಕಡಲಿಗೆ. 2019ರ ಪ್ರೋಜ್ 6ನೇ ಆವೃತ್ತಿ ಪ್ರತಿ ಪದ್ಧತಿಯ ಅಧಿಕೃತ ಸರದಿಯನ್ನೇ ಪಾಲಿಸತೊಡಗಿದಾಗ, ಹಳೆಯ ರೂಢಿಗೆ ಒಗ್ಗಿದ್ದ ಎಷ್ಟೋ ಪ್ರೋಗ್ರಾಮುಗಳನ್ನು ತಿದ್ದಬೇಕಾಯಿತು. ಶಿಸ್ತು ತರುವುದೂ ಪುಕ್ಕಟೆಯಲ್ಲ.

ಕರ್ನಾಟಕಕ್ಕೆ ತನ್ನದೇ ತೊಡಕೊಂದಿದೆ. ಮೀಟರಿನ ಲೆಕ್ಕಕ್ಕೆ ಬಳಸುವ ಯುಟಿಎಂ ಪದ್ಧತಿಯ ಉತ್ತರ–ದಕ್ಷಿಣ ಪಟ್ಟಿಗಳಲ್ಲಿ ರಾಜ್ಯದ ಬಹುಪಾಲು 43ನೆಯದರಲ್ಲಿದೆ. 78 ಡಿಗ್ರಿ ರೇಖೆಯಾಚೆಯ ಮುಳಬಾಗಿಲು 44ಕ್ಕೆ ಸೇರುತ್ತದೆ. ಬಾದಾಮಿಯಿಂದ ಅಲ್ಲಿಗೆ ದೂರ ತೆಗೆಯುವ ಮುನ್ನ ಎರಡನ್ನೂ ಒಂದೇ ಪದ್ಧತಿಗೆ ತರಬೇಕು. ಒಳ್ಳೆಯ ಲೈಬ್ರರಿ ಪದ್ಧತಿ ಹೇಳದ ಅಂಕಿಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬಿಂದುವನ್ನು ಆಚೆ ಪದ್ಧತಿಗೆ ಒಯ್ದು ಮರಳಿ ತಂದಾಗ ಮೊದಲಿದ್ದಲ್ಲೇ ಬಂದಿದೆಯೇ ಎಂದೂ ಪರೀಕ್ಷಿಸುತ್ತದೆ. ಡಿಗ್ರಿಯ ದಶಮಾಂಶದ ಐದನೇ ಅಂಕಿ ಒಂದರಷ್ಟು ತಪ್ಪಿದರೆ ನೆಲದ ಮೇಲೆ ಸುಮಾರು ಒಂದು ಮೀಟರ್ ಹೋದ ಹಾಗೆ.

ಇಷ್ಟಾದರೂ ಲೈಬ್ರರಿ ಸರಿಪಡಿಸುವುದು ಪದ್ಧತಿಯ ವ್ಯತ್ಯಾಸವನ್ನಷ್ಟೇ. ಹಳೆಯ ಗ್ರಾಮನಕ್ಷೆಯ ಗೆರೆಯೇ ಸೊಟ್ಟಗಿದ್ದರೆ ಯಾವ ಕೋಡೂ ಅದನ್ನು ನೆಟ್ಟಗೆ ಮಾಡದು. ಆದ್ದರಿಂದ ಫೋನಿನ ಗೆರೆ ನಂಬಿ ಬದು ಕೀಳಬೇಡಿ, ಬಾಂದುಕಲ್ಲು ಸರಿಸಬೇಡಿ. ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರನ್ನೇ ಕರೆಸಿ.