ಲ್ಯಾಬ್‌ನಲ್ಲಿ ದುಡಿಯುವ ವಿದ್ಯಾರ್ಥಿಯ ಆರೋಗ್ಯಕ್ಕೆ ಯಾರು ಹೊಣೆ?

ಒಂದು ಕಾಲದಲ್ಲಿ ಬ್ಯಾರಿ ಮನೆಗಳಲ್ಲಿ ಎಸೆಸೆಲ್ಸಿ ಮುಗಿಸಿದ ಹುಡುಗನ ಮುಂದೆ ಹೆಚ್ಚೆಂದರೆ ಎರಡು ದಾರಿ ಇರುತ್ತಿತ್ತು. ಒಂದು ಅಂಗಡಿ, ಇನ್ನೊಂದು ಗಲ್ಫ್. ಈಗ ಹಾಗಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಎಂಎಸ್ಸಿ, ಪಿಎಚ್‌ಡಿ ಅಂತ ಹೋಗುವ ಹುಡುಗ ಹುಡುಗಿಯರು ಹೆಚ್ಚುತ್ತಿದ್ದಾರೆ. ಇಂಥ ಕ್ಯಾಂಪಸ್‌ಗಳಲ್ಲೇ ಲ್ಯಾಬ್ ಅಟೆಂಡರ್ ಆಗಿ, ಟೆಕ್ನೀಷಿಯನ್ ಆಗಿ, ಗುತ್ತಿಗೆಯ ಮೇಲೆ ನೆಲ ಒರೆಸುವವರಾಗಿ ದುಡಿಯುವವರೂ ಇದ್ದಾರೆ.

ಸಂಶೋಧನೆಗೆ ಸೇರಿದ ಮಗಳ ಹತ್ತಿರ ಮನೆಯವರು ಕೇಳುವುದು ಎರಡು ಪ್ರಶ್ನೆ. "ಫೆಲೋಶಿಪ್ ಎಷ್ಟು ಬರುತ್ತೆ? ಯಾವಾಗ ಮುಗಿಯುತ್ತೆ?" ಮಗ ಸೌದಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋದರೆ ಉಮ್ಮ ಹೆಲ್ಮೆಟ್ ಬಗ್ಗೆ, ಬಿಸಿಲ ಬಗ್ಗೆ, ಇನ್ಶೂರೆನ್ಸ್ ಬಗ್ಗೆ ಕೇಳುತ್ತಾರೆ. ಲ್ಯಾಬ್‌ಗೆ ಹೋಗುವ ಮಗಳಿಗೆ ಈ ಯಾವ ಪ್ರಶ್ನೆಯೂ ಇಲ್ಲ. ಯಾಕೆಂದರೆ ಅದು "ಓದು", ಕೆಲಸ ಅಲ್ಲ ಎಂಬ ಭಾವನೆ. ಈ ಭಾವನೆ ಮನೆಯವರಿಗೆ ಮಾತ್ರ ಇರುವುದಲ್ಲ, ಕಾನೂನಿನಲ್ಲೂ ಇದೆ. ಸಮಸ್ಯೆ ಶುರುವಾಗುವುದೇ ಇಲ್ಲಿಂದ.

ಶೆಹರ್‌ಬಾನು ಸಾಂಗ್ಜಿ ಪ್ರಕರಣ

2008ರ ಡಿಸೆಂಬರ್ 29. ಅಮೆರಿಕದ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾನಿಲಯದ ಕೆಮಿಸ್ಟ್ರಿ ಲ್ಯಾಬ್. ಶೆಹರ್‌ಬಾನು ಸಾಂಗ್ಜಿ ಎಂಬ 23 ವರ್ಷದ ಯುವತಿ ಅಲ್ಲಿ ರಿಸರ್ಚ್ ಅಸಿಸ್ಟೆಂಟ್ ಆಗಿ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಸ್ನೇಹಿತರಿಗೆ ಆಕೆ ಶೆರಿ. ಮುಂದೆ ಕಾನೂನು ಓದಬೇಕು ಎಂಬ ಆಸೆ ಇಟ್ಟುಕೊಂಡಿದ್ದವಳು.

ಅಂದು ಆಕೆ ಪ್ಲಾಸ್ಟಿಕ್ ಸಿರಿಂಜ್‌ನಿಂದ ಟರ್ಟ್-ಬ್ಯೂಟೈಲ್ ಲಿಥಿಯಂ ಎಂಬ ದ್ರಾವಣವನ್ನು ಎಳೆಯುತ್ತಿದ್ದಳು. ಗಾಳಿ ತಾಗಿದ ಕೂಡಲೇ ತಾನಾಗಿ ಹತ್ತಿ ಉರಿಯುವ ರಾಸಾಯನಿಕ ಅದು. ಸಿರಿಂಜ್‌ನ ಹಿಡಿ ಕಳಚಿ ಬಂತು. ದ್ರಾವಣ ಚೆಲ್ಲಿ ಬೆಂಕಿ ಹತ್ತಿತು. ಆಕೆಯ ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. ಅದು ಕರಗಿ ಚರ್ಮಕ್ಕೆ ಅಂಟಿತು. ಅದೇ ಕೋಣೆಯಲ್ಲಿ ತುರ್ತು ಶವರ್ ಇತ್ತು, ಆದರೆ ಆಕೆಯನ್ನು ಅದರ ಕೆಳಗೆ ನಿಲ್ಲಿಸಲಿಲ್ಲ. 18 ದಿನ ಆಸ್ಪತ್ರೆಯಲ್ಲಿದ್ದು, 2009ರ ಜನವರಿ 16ರಂದು ತೀರಿಕೊಂಡಳು.

ಇನ್ನೂ ಬೇಸರದ ಸಂಗತಿ ಏನೆಂದರೆ, ಅಪಘಾತಕ್ಕೆ ಎರಡು ತಿಂಗಳ ಹಿಂದಷ್ಟೇ ವಿಶ್ವವಿದ್ಯಾನಿಲಯದ್ದೇ ಸುರಕ್ಷತಾ ತಪಾಸಕರು ಆ ಲ್ಯಾಬ್‌ಗೆ ಬಂದು, ಇಲ್ಲಿ ಲ್ಯಾಬ್ ಕೋಟ್ ಹಾಕುತ್ತಿಲ್ಲ ಎಂದು ಬರೆದು ಹೋಗಿದ್ದರು. ಬರೆದದ್ದು ಕಾಗದದಲ್ಲೇ ಉಳಿಯಿತು.

ಕ್ಯಾಲಿಫೋರ್ನಿಯದ ಕಾರ್ಮಿಕ ಸುರಕ್ಷತಾ ಇಲಾಖೆ ವಿಶ್ವವಿದ್ಯಾನಿಲಯಕ್ಕೆ 31,875 ಡಾಲರ್ ದಂಡ ಹಾಕಿತು. ಶೆರಿಯ ಮನೆಯವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. 2011ರ ಕೊನೆಗೆ ವಿಶ್ವವಿದ್ಯಾನಿಲಯದ ಆಡಳಿತದ ಮೇಲೂ ಲ್ಯಾಬ್‌ನ ಪ್ರೊಫೆಸರ್ ಮೇಲೂ ಕ್ರಿಮಿನಲ್ ಕೇಸು ದಾಖಲಾಯಿತು. 2012ರಲ್ಲಿ ಆಡಳಿತ ಮಂಡಳಿ ಎಲ್ಲ ಕ್ಯಾಂಪಸ್‌ಗಳಲ್ಲಿ ಸುರಕ್ಷತಾ ನಿಯಮ ಬಿಗಿ ಮಾಡಲು ಒಪ್ಪಿತು. ಕಾನೂನು ಓದುವ ಮಕ್ಕಳಿಗಾಗಿ ಶೆರಿಯ ಹೆಸರಿನಲ್ಲಿ 5 ಲಕ್ಷ ಡಾಲರ್‌ನ ಸ್ಕಾಲರ್‌ಶಿಪ್ ಇಡಲೂ ಒಪ್ಪಿತು. 2014ರಲ್ಲಿ ಪ್ರೊಫೆಸರ್ ಕೂಡ ಸಮಾಜ ಸೇವೆ ಮತ್ತು ಹಣ ಪಾವತಿಯ ಷರತ್ತಿನ ಮೇಲೆ ವಿಚಾರಣೆಯಿಂದ ಹೊರಬಂದರು.

ಇಷ್ಟೆಲ್ಲ ಆಗಲು ಮುಖ್ಯ ಕಾರಣ ಒಂದೇ. ಶೆರಿ ಸಂಬಳ ಪಡೆಯುವ ನೌಕರಳಾಗಿದ್ದಳು. ಹಾಗಾಗಿ ಕಾರ್ಮಿಕ ಕಾನೂನು ಆಕೆಗೆ ಅನ್ವಯಿಸಿತು. ಅದೇ ಮೇಜಿನ ಮುಂದೆ, ಅದೇ ಸಿರಿಂಜ್ ಹಿಡಿದು, ಸಂಬಳವಿಲ್ಲದ ವಿದ್ಯಾರ್ಥಿನಿ ಇದ್ದಿದ್ದರೆ ಆ ಇಲಾಖೆಗೆ ಕೈಹಾಕಲು ದಾರಿಯೇ ಇರುತ್ತಿರಲಿಲ್ಲ. ಬೆಂಕಿಗೆ ನೌಕರ, ವಿದ್ಯಾರ್ಥಿ ಎಂಬ ಭೇದ ಇಲ್ಲ. ಕಾನೂನಿಗೆ ಇದೆ.

ಫೆಲೋಶಿಪ್ ಸಂಬಳ ಅಲ್ಲ

ಭಾರತದಲ್ಲೂ ಲೆಕ್ಕ ಹೆಚ್ಚು ಕಡಿಮೆ ಹೀಗೆಯೇ. ಯುಜಿಸಿ ಜೆಆರ್‌ಎಫ್ ಈಗ ತಿಂಗಳಿಗೆ 37,000 ರೂ., ಎಸ್‌ಆರ್‌ಎಫ್ ಆದರೆ 42,000 ರೂ. ಇದನ್ನು ಸಂಬಳ ಎಂದು ಪರಿಗಣಿಸುವುದಿಲ್ಲ, ವಿದ್ಯಾರ್ಥಿವೇತನ ಎಂದು ಪರಿಗಣಿಸುತ್ತಾರೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಓದಿಗಾಗಿ ಕೊಟ್ಟ ಸ್ಕಾಲರ್‌ಶಿಪ್‌ಗೆ ತೆರಿಗೆ ಇಲ್ಲ. ಕೇಳಲು ಲಾಭದ ವ್ಯವಹಾರ. ಆದರೆ ಲೆಡ್ಜರ್‌ನ ಇನ್ನೊಂದು ಬದಿ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಸಂಬಳ ಅಲ್ಲದ್ದಕ್ಕೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಇಲ್ಲ. ಕೆಲಸದ ವೇಳೆ ಗಾಯವಾದರೆ ನೌಕರನಿಗೆ ಸಿಗುವ ಪರಿಹಾರದ ಹಕ್ಕು ಈ ವಿದ್ಯಾರ್ಥಿಗೆ ಸಲೀಸಾಗಿ ಸಿಗುವುದಿಲ್ಲ.

ಆದರೆ ಐದು ವರ್ಷ, ವಾರಕ್ಕೆ ಆರು ದಿನ, ಬೆಳಗ್ಗೆಯಿಂದ ರಾತ್ರಿವರೆಗೆ ರಾಸಾಯನಿಕದ ಜೊತೆ ಇರುವವನು ಅವನೇ. ಗೈಡ್ ಬಂದು ಹೋಗುತ್ತಾರೆ. ವಿದ್ಯಾರ್ಥಿ ಅಲ್ಲೇ ಇರುತ್ತಾನೆ.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈಪರ್‌ಸೋನಿಕ್ ಲ್ಯಾಬ್‌ನಲ್ಲಿ ಸ್ಫೋಟ ಆಗಿ ಒಬ್ಬ ಯುವ ಎಂಜಿನಿಯರ್ ತೀರಿಕೊಂಡರು, ಮೂವರು ಗಾಯಗೊಂಡರು. ಇವರು ಸಂಸ್ಥೆಯ ಕಾಯಂ ನೌಕರರಲ್ಲ, ಕ್ಯಾಂಪಸ್‌ನಲ್ಲೇ ಇದ್ದ ಸ್ಟಾರ್ಟಪ್ ಕಂಪೆನಿಯವರು. ದೇಶದ ಅತ್ಯುತ್ತಮ ಲ್ಯಾಬ್‌ನಲ್ಲೂ ಅಪಾಯ ಮೊದಲು ತಟ್ಟಿದ್ದು ಸಂಸ್ಥೆಯ ಸ್ವಂತ ಪಟ್ಟಿಯಲ್ಲಿ ಇಲ್ಲದವರಿಗೆ.

ಕಾಣದ ಗಾಯ

ಬೆಂಕಿ, ಸ್ಫೋಟ ಕಣ್ಣಿಗೆ ಕಾಣುತ್ತದೆ. ಲ್ಯಾಬ್‌ನ ಹೆಚ್ಚಿನ ತೊಂದರೆ ಹಾಗೆ ಕಾಣುವುದಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮಿಸ್ಟ್ರಿ ಪ್ರೊಫೆಸರ್ ಕ್ಯಾರನ್ ವೆಟರ್‌ಹಾನ್ ವಿಷಕಾರಿ ಲೋಹಗಳ ಮೇಲೆಯೇ ಸಂಶೋಧನೆ ಮಾಡಿದವರು. 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಅವರ ಗ್ಲೌಸ್ ಮೇಲೆ ಬಿತ್ತು. ಆ ಕಾಲದ ನಿಯಮದಂತೆ ಲ್ಯಾಟೆಕ್ಸ್ ಗ್ಲೌಸ್ ಹಾಕಿದ್ದರು, ಫ್ಯೂಮ್ ಹುಡ್ ಒಳಗೇ ಕೆಲಸ ಮಾಡುತ್ತಿದ್ದರು. ಐದು ತಿಂಗಳು ದೊಡ್ಡ ತೊಂದರೆ ಏನೂ ಕಾಣಿಸಲಿಲ್ಲ. ನಂತರ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು 48ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಪರೀಕ್ಷೆ ಮಾಡಿದಾಗ ಆ ರಾಸಾಯನಿಕ ಲ್ಯಾಟೆಕ್ಸ್ ಗ್ಲೌಸನ್ನು ಸೆಕೆಂಡುಗಳ ಲೆಕ್ಕದಲ್ಲಿ ದಾಟುತ್ತದೆ ಎಂದು ಗೊತ್ತಾಯಿತು.

ಇದರಿಂದ ಕಲಿಯಬೇಕಾದ್ದು ಸರಳ. "ಗ್ಲೌಸ್ ಹಾಕಿದ್ದೇನೆ" ಅಂದರೆ ಸಾಲದು, ಯಾವ ಗ್ಲೌಸ್ ಅನ್ನುವುದು ಮುಖ್ಯ. ಪ್ರತಿಯೊಂದು ರಾಸಾಯನಿಕಕ್ಕೂ ಸೇಫ್ಟಿ ಡೇಟಾ ಶೀಟ್ ಎಂಬ ಮಾಹಿತಿ ಪತ್ರ ಇರುತ್ತದೆ. ಯಾವ ಗ್ಲೌಸ್, ಚೆಲ್ಲಿದರೆ ಏನು ಮಾಡಬೇಕು, ಕಣ್ಣಿಗೆ ಬಿದ್ದರೆ ಏನು, ಗರ್ಭಿಣಿಯರಿಗೆ ಏನು ಅಪಾಯ ಎಂಬುದೆಲ್ಲ ಅದರಲ್ಲಿದೆ. ಬಾಟಲಿ ತೆರೆಯುವ ಮೊದಲು ಅದನ್ನು ಓದಲು ಹತ್ತು ನಿಮಿಷ ಸಾಕು.

ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದ ಫಾರ್ಮಾಲಿನ್ ವಾಸನೆ ಎಲ್ಲರಿಗೂ ಗೊತ್ತು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ವಿದ್ಯಾರ್ಥಿಗಳು ಒಂದು ವರ್ಷ ಇದ್ದು ಹೋಗುತ್ತಾರೆ. ಅಟೆಂಡರ್ ಮೂವತ್ತು ವರ್ಷ ಅದೇ ಗಾಳಿಯಲ್ಲಿರುತ್ತಾನೆ. "ಅಭ್ಯಾಸ ಆಗಿದೆ" ಅನ್ನುತ್ತಾನೆ. ಮೂಗಿಗೆ ಅಭ್ಯಾಸ ಆಗುತ್ತದೆ, ದೇಹಕ್ಕೆ ಆಗುವುದಿಲ್ಲ.

ಕ್ಯಾಂಪಸ್ ಗೇಟ್ ದಾಟಿದ ಅಪಾಯ

ಲ್ಯಾಬ್‌ನ ಅಸಡ್ಡೆ ಲ್ಯಾಬ್ ಒಳಗೇ ಉಳಿಯುವುದಿಲ್ಲ. ಗುಜರಿ ವ್ಯಾಪಾರದಿಂದ ಮನೆ ನಡೆಸುವ ಕುಟುಂಬಗಳು ಬ್ಯಾರಿ ಸಮುದಾಯದಲ್ಲಿ ಬೇಕಷ್ಟಿವೆ. ಆದ್ದರಿಂದ ಈ ಘಟನೆಯನ್ನು ವಿಶೇಷವಾಗಿ ನೆನಪಿಡಬೇಕು.

ದಿಲ್ಲಿ ವಿಶ್ವವಿದ್ಯಾನಿಲಯದ ಕೆಮಿಸ್ಟ್ರಿ ವಿಭಾಗದಲ್ಲಿ ಗಾಮಾ ವಿಕಿರಣದ ಒಂದು ಯಂತ್ರ ಇತ್ತು. ಅದರ ಒಳಗೆ ಕೋಬಾಲ್ಟ್-60. 1985ರಿಂದ ಯಾರೂ ಅದನ್ನು ಬಳಸಿರಲಿಲ್ಲ. 2010ರ ಫೆಬ್ರವರಿಯಲ್ಲಿ ಹಳೆ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಪಶ್ಚಿಮ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಅದು ಬಂತು. ಸೀಸಕ್ಕೆ ಒಳ್ಳೆಯ ರೇಟ್ ಇದೆಯಲ್ಲಾ, ಕಾರ್ಮಿಕರು ಅದನ್ನು ಬಿಚ್ಚಿದರು. ಒಳಗಿನ ಕೋಬಾಲ್ಟ್ ತುಂಡುಗಳು ಬೇರೆ ಬೇರೆ ಅಂಗಡಿ ಸೇರಿದವು. ಒಂದು ಚೂರು ವ್ಯಾಪಾರಿಯೊಬ್ಬರ ಪರ್ಸ್‌ನಲ್ಲೇ ಇತ್ತು. ಏಪ್ರಿಲ್ ಹೊತ್ತಿಗೆ ಚರ್ಮ ಕಪ್ಪಾಗಿ, ಕೂದಲು ಉದುರಿ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಕಾರ್ಮಿಕ ಸತ್ತ.

ಕೋಬಾಲ್ಟ್-60ರ ಶಕ್ತಿ ಸುಮಾರು 5.27 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 25 ವರ್ಷ ಮೂಲೆಯಲ್ಲಿ ಬಿದ್ದಿದ್ದ ಯಂತ್ರದಲ್ಲಿ ಉಳಿದಿದ್ದ ಪಾಲೇ ಒಂದು ಜೀವಕ್ಕೆ ಸಾಕಾಯಿತು. ಇಂಥ ವಸ್ತುವನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ ಮಾರುವಂತಿಲ್ಲ. 2004ರ ವಿಕಿರಣ ರಕ್ಷಣಾ ನಿಯಮಗಳನ್ನು ವಿಶ್ವವಿದ್ಯಾನಿಲಯ ಮುರಿದಿದೆ ಎಂದು ಮಂಡಳಿ ಹೇಳಿತು. ನಿಯಮ ಇತ್ತು. ಹರಾಜಿಗೆ ಸಹಿ ಹಾಕಿದವರಿಗೆ ಆ ಯಂತ್ರ ಏನು ಅನ್ನುವುದೇ ನೆನಪಿರಲಿಲ್ಲ.

ಕಾಲೇಜಿನಿಂದ ಹಳೆ ಸಾಮಾನು ಎತ್ತುವ ಗುಜರಿಯವರು ಒಂದು ಗುರುತು ಕಲಿತಿರಬೇಕು. ಹಳದಿ ಹಿನ್ನೆಲೆಯಲ್ಲಿ ನಡುವೆ ಚುಕ್ಕೆ, ಸುತ್ತ ಮೂರು ಎಸಳಿನ ಫ್ಯಾನ್‌ನಂಥ ಚಿಹ್ನೆ. ಅದು ಕಂಡರೆ, ಅಥವಾ ಗಾತ್ರಕ್ಕೆ ಮೀರಿದ ಭಾರದ ಸೀಸದ ಪೆಟ್ಟಿಗೆ ಸಿಕ್ಕರೆ, ಒಡೆಯಬಾರದು, ಕತ್ತರಿಸಬಾರದು. ದೂರ ನಿಂತು ಪೊಲೀಸರಿಗೆ ತಿಳಿಸಬೇಕು. ಲೇಬಲ್ ಹರಿದ ರಾಸಾಯನಿಕ ಬಾಟಲಿ, ಆಸಿಡ್ ಕ್ಯಾನ್‌ಗಳನ್ನೂ ತೊಳೆದು ನೀರಿಗೆ ಬಳಸುವ ಹವ್ಯಾಸ ಬೇಡ.

ಈಗಾಗಲೇ ಕೈಯಲ್ಲಿರುವ ಹಕ್ಕುಗಳು

ವಿದ್ಯಾರ್ಥಿಗೆ ಕಾನೂನು ಪೂರ್ತಿ ಇಲ್ಲ ಅಂದುಕೊಂಡು ಕೂರಬೇಕಾಗಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆಸ್ಪತ್ರೆಗೆ ಮಾತ್ರವಲ್ಲ, ಇಂಥ ತ್ಯಾಜ್ಯ ಬರುವ ಸಂಶೋಧನಾ ಮತ್ತು ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಕೊಡಬೇಕು. ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಗುತ್ತಿಗೆಯ ಕ್ಲೀನರ್ ಕೂಡ ಇದನ್ನು ಕೇಳಬಹುದು. ತಿಂಗಳಿಗೆ 21,000 ರೂ.ವರೆಗೆ ವೇತನ ಇರುವ ಗುತ್ತಿಗೆ ಕಾರ್ಮಿಕರು ತಮ್ಮ ಹೆಸರಲ್ಲಿ ಇಎಸ್‌ಐ ನಂಬರ್ ಆಗಿದೆಯೇ ಎಂದೂ ವಿಚಾರಿಸಬೇಕು.

ವಿಕಿರಣದ ಜೊತೆ ಕೆಲಸ ಮಾಡುವವರಿಗೆ ಟಿಎಲ್‌ಡಿ ಬ್ಯಾಡ್ಜ್ ಕೊಡಬೇಕು. ಕೆಲಸಗಾರರ ಮೈಗೆ ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್, ಐದು ವರ್ಷದಲ್ಲಿ ಒಟ್ಟು 100 ಮಿಲಿಸೀವರ್ಟ್ ದಾಟಬಾರದು ಎಂಬ ಮಿತಿ ಇದೆ. ಬ್ಯಾಡ್ಜ್ ಡ್ರಾವರ್‌ನಲ್ಲಿದ್ದರೆ ಈ ಲೆಕ್ಕ ಇಡುವವರು ಯಾರು?

ರಕ್ತದ ಸೂಜಿ ಚುಚ್ಚಿದರೆ ಹೆದರಿ ಮುಚ್ಚಿಡಬಾರದು. ಗಾಯವನ್ನು ಹಿಂಡದೆ ಸೋಪು, ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಅದನ್ನು ಎರಡು ಗಂಟೆಯೊಳಗೆ ಶುರು ಮಾಡುವುದು ಉತ್ತಮ, 72 ಗಂಟೆ ದಾಟಬಾರದು. ಕಣ್ಣಿಗೆ ರಾಸಾಯನಿಕ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹರಿಸಬೇಕು, ಆಮೇಲೆ ಡಾಕ್ಟರ್.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಅಂಗಡಿ ಬಾಡಿಗೆಗೆ ಹಿಡಿಯುವಾಗ ಅಡ್ವಾನ್ಸ್ ಎಷ್ಟು, ಕರೆಂಟ್ ಯಾರದು, ರಿಪೇರಿ ಯಾರದು ಎಂದು ಕೇಳದೆ ಯಾರೂ ಸಹಿ ಹಾಕುವುದಿಲ್ಲ. ಲ್ಯಾಬ್‌ಗೆ ಸೇರುವಾಗಲೂ ಇಷ್ಟು ಕೇಳಬಹುದು:

- ಗಾಯವಾದರೆ ಆಸ್ಪತ್ರೆ ಖರ್ಚು ಯಾರು ಕೊಡುತ್ತಾರೆ? ಸಂಶೋಧನಾ ವಿದ್ಯಾರ್ಥಿಗಳಿಗೆ ಗ್ರೂಪ್ ಇನ್ಶೂರೆನ್ಸ್ ಇದೆಯೇ?
- ಮೊದಲ ದಿನವೇ ಸುರಕ್ಷತಾ ತರಬೇತಿ ಕೊಡುತ್ತಾರೆಯೇ, ಅಥವಾ ಸೀನಿಯರ್ ನೋಡಿ ಕಲಿಯಬೇಕೇ?
- ಕೋಟ್, ಕನ್ನಡಕ, ಸರಿಯಾದ ಗ್ಲೌಸ್ ಯಾರು ಕೊಡುತ್ತಾರೆ?
- ಫ್ಯೂಮ್ ಹುಡ್ ಗಾಳಿ ಎಳೆಯುತ್ತದೆಯೇ? ಕೊನೆಯದಾಗಿ ಪರೀಕ್ಷೆ ಮಾಡಿದ್ದು ಯಾವಾಗ?
- ಶವರ್, ಕಣ್ಣು ತೊಳೆಯುವ ನಲ್ಲಿ ಎಲ್ಲಿದೆ? ಅದರಲ್ಲಿ ನೀರು ಬರುತ್ತದೆಯೇ?
- ರಾತ್ರಿ ಒಬ್ಬರೇ ಕೆಲಸ ಮಾಡಬೇಕಾಗುತ್ತದೆಯೇ?
- ಸಣ್ಣ ಅಪಘಾತವನ್ನೂ ಬರೆದಿಡುವ ರಿಜಿಸ್ಟರ್ ಇದೆಯೇ?

ಹೆಣ್ಣುಮಕ್ಕಳಿಗೆ ಒಂದು ಮಾತು ಹೆಚ್ಚು. ಬರ್ನರ್ ಹತ್ತಿರ ಸಿಂಥೆಟಿಕ್ ಶಾಲು, ಇಳಿಬಿದ್ದ ತೋಳು ಅಪಾಯ. ಹತ್ತಿಯ ಸ್ಕಾರ್ಫನ್ನು ಕೋಟ್ ಒಳಗೆ ಸೇರಿಸಿ ಕಟ್ಟಿಕೊಂಡರೆ ಉಡುಪಿನ ಮರ್ಯಾದೆಯೂ ಉಳಿಯುತ್ತದೆ, ಸುರಕ್ಷತೆಯೂ ಇರುತ್ತದೆ.

ಇಂಥ ಪ್ರಶ್ನೆ ಕೇಳಿದರೆ ಗೈಡ್ ಬೇಜಾರು ಮಾಡಿಕೊಂಡಾರು ಎಂಬ ಅಂಜಿಕೆ ವಿದ್ಯಾರ್ಥಿಗಳಲ್ಲಿ ಸಹಜ. ಪದವಿ ಅವರ ಸಹಿಯಲ್ಲೇ ಇದೆಯಲ್ಲಾ. ಅದಕ್ಕೇ ಒಬ್ಬರೇ ಕೇಳುವ ಬದಲು ನಾಲ್ಕು ಜನ ಸೇರಿ ಬರಹದಲ್ಲಿ ಕೇಳುವುದು ಒಳ್ಳೆಯದು, ಅಟೆಂಡರ್, ಕ್ಲೀನರ್‌ಗಳನ್ನೂ ಸೇರಿಸಿಕೊಂಡು. ಜಮಾಅತ್‌ಗಳು, ಯುವಕ ಸಂಘಟನೆಗಳು ಪ್ರತಿವರ್ಷ ಸ್ಕಾಲರ್‌ಶಿಪ್ ಹಂಚುತ್ತವೆ, ಪಿಎಚ್‌ಡಿ ಮುಗಿಸಿದವರಿಗೆ ಶಾಲು ಹೊದಿಸುತ್ತವೆ. ಅದರ ಜೊತೆಗೆ ಸೇರುವ ವರ್ಷವೇ ಒಂದು ಅಪಘಾತ ವಿಮೆ ಮಾಡಿಸಿಕೊಟ್ಟರೆ ಖರ್ಚು ದೊಡ್ಡದೇನಲ್ಲ. ಮನೆಯಲ್ಲೂ ಫೆಲೋಶಿಪ್ ಬಂತಾ ಎಂದು ಕೇಳುವಾಗ, ಇವತ್ತು ಏನು ಕೆಲಸ ಮಾಡಿದೆ, ಕೋಟ್ ಹಾಕಿದ್ದೆಯಾ ಎಂದೂ ಕೇಳಬೇಕು.